ಮೂಲೆಮನೆಯ ಸೆಂಟು

ನನ್ನ ಮಗಳು ಸಂಜೆ ಮನೆಗೆ ಬಂದ ಕೂಡಲೇ ನಾನು ಅವಳ ಫ್ರಾಕು ಹಿಡಿದು ಮೂಸುತ್ತಿದ್ದೆ. ಬೇರೆ ತಾಯಂದಿರು ಹಣೆ ಮುಟ್ಟಿ ಜ್ವರ ನೋಡುತ್ತಾರೆ, ನಾನು ಹೆಗಲು ಮೂಸಿ ಆ ವಾಸನೆ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಇದ್ದೇ ಇರುತ್ತಿತ್ತು. ಮೂಲೆಮನೆಯಾಕೆಯ ಸೆಂಟು.

“ಮತ್ತ ಅಲ್ಲೇ ಹೋಗಿದ್ದೇನು?”

“ಹೂಂ.”

“ಇಷ್ಟೊತ್ತನಕಾ ಏನ್ ಮಾಡಿದ್ರಿ?”

“ಏನೂ ಇಲ್ಲವ್ವಾ. ಕುಂತಿದ್ವಿ.”

ಈ ‘ಕುಂತಿದ್ವಿ’ ಕೇಳಿದರೆ ನನ್ನ ಹೊಟ್ಟೆಯೊಳಗೆ ಮೆಣಸಿನಕಾಯಿ ಹುರಿದಂತಾಗುತ್ತಿತ್ತು. ಆಟ ಆಡಿದೆವು ಎಂದಿದ್ದರೆ, ಬಿಸ್ಕತ್ತು ಕೊಟ್ಟರು ಎಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಬಿಸ್ಕತ್ತನ್ನು ನಾನೂ ತರಿಸಬಲ್ಲೆ. ಏನೂ ಕೊಡದೆ, ಏನೂ ಮಾಡದೆ, ಬರೀ ಪಕ್ಕದಲ್ಲಿ ಕೂರಿಸಿಕೊಂಡೇ ಒಬ್ಬ ಹೆಂಗಸು ನನ್ನ ಮಗಳನ್ನು ಒಲಿಸಿಕೊಂಡುಬಿಟ್ಟರೆ ಅದಕ್ಕೆ ನಾನೇನು ಮಾಡಬೇಕು?

ಅರವತ್ತರ ದಶಕದ ನಡುವಿನ ವರ್ಷಗಳವು. ದಾಂಡೇಲಿಯ ಕಾಗದದ ಗಿರಣಿಯಲ್ಲಿ ನಮ್ಮ ಮನೆಯವರಿಗೆ ಕೆಲಸವಿತ್ತು. ಮುಂಡಗೋಡದ ಕಡೆಯ ಹಳ್ಳಿಯಿಂದ ಒಂದು ಟ್ರಂಕು, ಒಂದು ಬೀಸುಕಲ್ಲು, ಕಂಕುಳಲ್ಲಿ ಕೂಸು, ಇಷ್ಟನ್ನು ತೆಗೆದುಕೊಂಡು ನಾನು ಕ್ವಾರ್ಟರ್ಸಿಗೆ ಬಂದವಳು. ಎರಡು ಖೋಲಿ, ಒಂದು ಅಡುಗೆಮನೆ, ಹಿತ್ತಲಲ್ಲಿ ನಲ್ಲಿ. ಗಾಳಿ ಹೊಳೆಯ ಕಡೆಯಿಂದ ಬೀಸಿದರೆ ಕಾಡಿನ ವಾಸನೆ, ಗಿರಣಿಯ ಕಡೆಯಿಂದ ಬೀಸಿದರೆ ಕೊಳೆತ ಮೊಟ್ಟೆಯ ವಾಸನೆ. ಮೊಟ್ಟೆಯನ್ನು ಕೈಯಿಂದ ಮುಟ್ಟದ ನಮ್ಮಂಥವರಿಗೂ ಅದು ಕೊಳೆತರೆ ಹೇಗಿರುತ್ತದೆ ಎಂಬುದು ಹೀಗೆ ಗೊತ್ತಾಯಿತು. ಮೊದಮೊದಲು ಮೂಗಿಗೆ ಸೆರಗು ಹಿಡಿಯುತ್ತಿದ್ದೆ, ಆಮೇಲೆ ಅದು ಸಂಬಳದ ವಾಸನೆ ಅಂದುಕೊಂಡು ಸುಮ್ಮನಾದೆ.

ಮಗಳಿಗೆ ಏಳು ವರ್ಷವಾಗಿದ್ದಾಗ ಮೂಲೆಮನೆಗೆ ಆಕೆ ಬಂದರು. ಸಾಲಿನ ಕೊನೆಯ ಆ ಮನೆ ದೊಡ್ಡದು, ಮುಂದೆ ಪಡಸಾಲೆ ಇತ್ತು. ಗಿರಣಿಗೆ ಬಿದಿರು ಕಡಿಸುವ ಮೇಲ್ವಿಚಾರಣೆಯ ಸಾಹೇಬರಿಗೆ ಅದನ್ನು ಕೊಟ್ಟಿದ್ದರು. ಸಾಹೇಬರು ಜೋಯಿಡಾದ ಕಾಡಿಗೆ ಹೋದರೆ ವಾರಗಟ್ಟಲೆ ಇತ್ತ ಮುಖ ಹಾಕುತ್ತಿರಲಿಲ್ಲ. ಹೆಂಡತಿ ಒಬ್ಬರೇ. ಕಾರವಾರದ ಕಡೆಯವರು, ಬೆಳೆದದ್ದು ಮುಂಬಯಿಯಲ್ಲಿ. ಮಕ್ಕಳಿರಲಿಲ್ಲ. ಉದ್ದನೆಯ ಆಳು, ತಿಳಿ ಬಣ್ಣದ ನೂಲಿನ ಸೀರೆ, ಕತ್ತಿನ ಮೇಲೆ ಒಂದು ಗಂಟು. ಗಂಟಿನಲ್ಲಿ ಒಂದು ಎಸಳು ಹೂವಿಲ್ಲ. ಗಂಡ ಇರುವ ಹೆಂಗಸು ತಲೆಗೆ ಹೂ ಮುಡಿಯದೆ ಸೆಂಟು ಹಾಕಿಕೊಳ್ಳುತ್ತಾಳೆಂದರೆ ನಮ್ಮ ಸಾಲಿನ ಹೆಂಗಸರಿಗೆ ನಲ್ಲಿಯ ಹತ್ತಿರ ಬೇರೆ ಮಾತೇ ಬೇಡವಾಯಿತು. ಗೋವಾದಿಂದ ಕಳ್ಳಸಾಗಣೆಯಲ್ಲಿ ಬಂದದ್ದು ಎಂದರು ಒಬ್ಬರು. ನಾಟಕದವರ ಮನೆತನ ಇರಬೇಕು ಎಂದರು ಇನ್ನೊಬ್ಬರು. ನಾನು ಎರಡಕ್ಕೂ ಹೂಂ ಅಂದೆ.

ಆದರೆ ನನಗೆ ಸೆಂಟಿಗಿಂತ ಹೆಚ್ಚು ಸಿಟ್ಟು ಬರಿಸಿದ್ದು ಆಕೆಯ ಬೆತ್ತದ ಕುರ್ಚಿ. ಸಂಜೆ ನಾಲ್ಕು ಹೊಡೆಯಿತೆಂದರೆ ಆಕೆ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತುಬಿಡುತ್ತಿದ್ದರು. ಕೈಯಲ್ಲಿ ಹೊಲಿಗೆ ಇಲ್ಲ, ಮಡಿಲಲ್ಲಿ ಸೊಪ್ಪು ಇಲ್ಲ. ಒಂದು ಕಪ್ಪು ಚಹಾ, ಎದುರಿಗೆ ದಾರಿ. ನನ್ನ ಇಡೀ ಆಯುಷ್ಯದಲ್ಲಿ ಹಾಗೆ ಸುಮ್ಮನೆ ಕೂತ ಹೆಂಗಸನ್ನು ನಾನು ಕಂಡಿರಲಿಲ್ಲ. ನಮ್ಮವ್ವ ಕೂತದ್ದು ರೊಟ್ಟಿ ತಟ್ಟುವುದಕ್ಕೆ, ಬೀಸುವುದಕ್ಕೆ, ಹಡೆಯುವುದಕ್ಕೆ. ನಾನು ಗಿರಣಿಯ ಭೋಂಗಾ ಕೂಗಿದ ಕೂಡಲೇ ಎದ್ದರೆ, ಗಂಡನ ಪಾಳಿಗೆ ಬುತ್ತಿ ಕಟ್ಟಿ, ನೀರು ತುಂಬಿ, ಅರಿವೆ ಒಗೆದು, ಬೀಸಿ, ಕುಟ್ಟಿ, ಮತ್ತೆ ಬುತ್ತಿ ಕಟ್ಟಿ, ದೀಪ ಹಚ್ಚುವ ಹೊತ್ತಿಗೆ ಕಾಲು ಎಲ್ಲಿವೆ ಎಂದು ಹುಡುಕಬೇಕಿತ್ತು. ಮಾತು ಆಡುವುದಿದ್ದರೂ ನಿಂತೇ ಆಡುತ್ತಿದ್ದೆ. ಅದು ನನ್ನ ಹೆಮ್ಮೆಯೂ ಆಗಿತ್ತು. ಅವರ ಕುರ್ಚಿ ಕಂಡರೆ ಅದಕ್ಕೇ ನನಗಾಗದು.

ಮಗಳು ಶಾಲೆಯಿಂದ ಬರುವ ದಾರಿಯಲ್ಲಿ ಆ ಪಡಸಾಲೆ. ಮೊದಲು ಮೆಟ್ಟಿಲ ಮೇಲೆ ನಿಂತಳಂತೆ, ಆಮೇಲೆ ಮೆಟ್ಟಿಲ ಮೇಲೆ ಕೂತಳಂತೆ, ಆಮೇಲೆ ಕುರ್ಚಿಯ ಪಕ್ಕ ಒಂದು ಚಿಕ್ಕ ಮಣೆ ಬಂತು. ಒಂದು ದಿನ ಕರೆದು ತರಲು ನಾನೇ ಹೋದೆ. ನೋಡಿದರೆ ನನ್ನ ಮಗಳು ಆಕೆಯ ತೋಳಿಗೆ ತಲೆ ಆನಿಸಿ, ಕಣ್ಣು ಅರ್ಧ ಮುಚ್ಚಿ, ಆ ಸೆರಗಿನಲ್ಲಿ ಮೂಗು ಇಟ್ಟುಕೊಂಡು ಕೂತಿದ್ದಳು. ನಾನು ಹೆತ್ತ ಕೂಸು. ನನ್ನ ಹತ್ತಿರ ಅವಳು ಹಾಗೆ ಒರಗಿ ಎಷ್ಟು ಕಾಲವಾಯಿತೆಂದು ನೆನೆಸಿಕೊಳ್ಳಲು ಹೋದೆ, ನೆನಪಾಗಲಿಲ್ಲ.

“ಬನ್ನಿ, ಕೂತುಕೊಳ್ಳಿ” ಎಂದು ಆಕೆ ಎದ್ದು ಕುರ್ಚಿ ಬಿಟ್ಟುಕೊಟ್ಟರು.

“ಕುಂದ್ರಾಕ ಎಲ್ಲಿ ಹೊತ್ತು ಐತ್ರಿ ನಮಗ” ಎಂದೆ. ಚುಚ್ಚಬೇಕೆಂದೇ ಅಂದದ್ದು. ಅದು ಆಕೆಗೆ ಚುಚ್ಚಲಿಲ್ಲ. ಅದೇ ಅವರ ಸ್ವಭಾವದ ದೊಡ್ಡ ತೊಂದರೆ. ಮುಳ್ಳು ನಾಟುತ್ತಿರಲಿಲ್ಲ.

ಮಗಳು ನಡುವೆ ಬಾಯಿ ಹಾಕಿ, “ಅವ್ವಾ, ಆ ಬಾಟ್ಲಿ ನೋಡಿಲ್ಲಲ್ಲ ನೀ” ಎಂದಳು. ಆಕೆ ಒಳಗೆ ಹೋಗಿ ಅದನ್ನು ತಂದರು. ಅಂಗೈಯಲ್ಲಿ ಹಿಡಿಸುವಂಥ ಚೌಕನೆಯ ಶೀಸೆ, ಒಳಗೆ ಒಣಗಿದ ಹುಲ್ಲಿನ ಬಣ್ಣದ ನೀರು. ಗಾಜಿನ ಬಿರಡೆ ತೆಗೆದು ನನ್ನ ಮುಂದೆ ಹಿಡಿದರು.

“ಅಣ್ಣ ಹಡಗಿನಲ್ಲಿದ್ದಾರೆ, ಅವರು ತಂದಿದ್ದು. ಈ ಜಾತಿಯ ಸೆಂಟಿಗೆ ಶಿಪ್ರ್ ಅಂತಾರೆ. ಮೇಲೆ ಹೂವು, ಕೆಳಗೆ ಮರದ ಪಾಚಿ.”

“ಪಾಚಿನ? ಪಾಚಿ ಯಾರಾರ ಮೈಗೆ ಹಚ್ಕೋತಾರೇನ್ರಿ?”

ಆಕೆ ನಕ್ಕರು. ಅವರ ನಗು ಸದಾ ಅರ್ಧವೇ, ಉಳಿದರ್ಧವನ್ನು ತಮಗೇ ಇಟ್ಟುಕೊಳ್ಳುತ್ತಿದ್ದರು. ಸೆಂಟೂ ಹಾಗೇ ಇತ್ತು. ಇದನ್ನು ನಾನು ಬಲ್ಲೆ, ಯಾಕೆಂದರೆ ಅದನ್ನು ಹಾಕಿಕೊಂಡ ಆಕೆಗಿಂತ ಹೆಚ್ಚಾಗಿ ನಾನೇ ಅದರ ಬೆನ್ನು ಹತ್ತಿದವಳು. ಬೆಳಿಗ್ಗೆ ಆಕೆ ನಲ್ಲಿಯ ಮುಂದೆ ಹಾದುಹೋದರೆ ಲಿಂಬಿಕಾಯಿಯ ಸಿಪ್ಪೆ ಉಗುರಿನಿಂದ ಗೀರಿದ ಹಾಗೆ ಚುರುಕು ವಾಸನೆ, ಹತ್ತಿರ ಬರಬೇಡ ಎನ್ನುವಂಥದು. ಮಧ್ಯಾಹ್ನ ಅಂಗಡಿಯಲ್ಲಿ ಎದುರಾದರೆ ಗುಲಾಬಿ, ಮಲ್ಲಿಗೆ, ಆದರೆ ಮದುವೆ ಮಂಟಪದ ಮಲ್ಲಿಗೆಯಲ್ಲ, ಗಿಡದಲ್ಲೇ ಇದ್ದು ಮಳೆಗೆ ನೆನೆದದ್ದು. ಮುಡಿದ ಹೂ ಊರಿಗೆಲ್ಲ ಸಾರುತ್ತದೆ, ಇದು ಪಕ್ಕಕ್ಕೆ ಬಂದವರಿಗೆ ಮಾತ್ರ. ಸಂಜೆ, ಮಗಳ ಫ್ರಾಕಿಗೆ ಅಂಟಿ ನನ್ನ ಮನೆಗೆ ಬರುವ ಹೊತ್ತಿಗೆ, ಹೂವೆಲ್ಲ ಹೋಗಿ ಇನ್ನೊಂದೇನೋ ಉಳಿದಿರುತ್ತಿತ್ತು. ಒಗರು, ಮಣ್ಣು, ಒದ್ದೆ ತೊಗಟೆ. ಆ ಉಳಿದದ್ದು ನನಗೆ ಎಲ್ಲೋ ಗುರುತಿನದೆನಿಸುತ್ತಿತ್ತು, ಎಲ್ಲಿಯದೆಂದು ಮಾತ್ರ ಹೊಳೆಯಲಿಲ್ಲ. ಹೊಟ್ಟೆಕಿಚ್ಚು ಹತ್ತಿದವರಿಗೆ ಮೂಗು ಚುರುಕಾಗುತ್ತದೆ, ತಲೆ ಮಂಕಾಗುತ್ತದೆ.

ಫ್ರಾಕನ್ನು ಅಂಟುವಾಳ ಹಾಕಿ ತಿಕ್ಕಿದೆ, ಬಿಸಿಲಿಗೆ ಹಾಕಿದೆ. ತಂತಿಯ ಮೇಲೆ ಒಣಗಿದ ಫ್ರಾಕು ಆಕೆಯ ವಾಸನೆ ಹೊತ್ತೇ ಇಳಿಯಿತು. ಹೋಗಬೇಡ ಎಂದು ಮಗಳಿಗೆ ಹೇಳಿ ನೋಡಿದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಎರಡು ದಿನ ಬಾಗಿಲ ಹತ್ತಿರ ಕೂತು ದಾರಿ ನೋಡಿದಳು. ನಾನು ರೊಟ್ಟಿ ತಟ್ಟುತ್ತ ಅವಳ ಬೆನ್ನು ನೋಡಿದೆ. ಮೂರನೆಯ ದಿನ ನಾನೇ ಹೋಗು ಎಂದೆ.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಸಂಕ್ರಾಂತಿಗೆ ನಮ್ಮ ಸಾಲಿನಲ್ಲಿ ಅರಿಷಿಣ-ಕುಂಕುಮ ಮಾಡುವ ಪದ್ಧತಿ ಬಿದ್ದಿತ್ತು. ಮರಾಠಿ ಮನೆಗಳಿಂದ ಬಂದದ್ದು, ನಾವೂ ಹಿಡಿದೆವು. ಬಂದ ಹೆಂಗಸರಿಗೆ ಕುಂಕುಮ ಕೊಟ್ಟು, ಕೈಯ ಮೇಲ್ಭಾಗಕ್ಕೆ ಅತ್ತರು ಸವರಿ, ಅಂಗೈಗೆ ಸಕ್ಕರೆ ಪಾಕ ಕಟ್ಟಿದ ಕುಸರೆಳ್ಳು ಹಾಕಬೇಕು. ನನ್ನ ಹತ್ತಿರ ಅವ್ವ ಕೊಟ್ಟ ಹಿತ್ತಾಳೆಯ ಅತ್ತರದಾನಿ ಇದ್ದುದರಿಂದ ಅತ್ತರು ಹಚ್ಚುವ ಮಾನ ಪ್ರತಿವರ್ಷ ನನ್ನದು. ಅದಕ್ಕೆಂದು ಹಳಿಯಾಳದ ಸಂತೆಗೆ ಹೋದಾಗ ಬಸ್‌ಸ್ಟ್ಯಾಂಡಿನ ಹಿಂದಿನ ಅತ್ತರಿನ ಅಂಗಡಿಗೆ ಹೋಗಿ, “ಛಲೋದು ಕೊಡ್ರಿ, ಹುಡುಗೂರಿಗೂ ಹಿಡಸಬೇಕು” ಎಂದೆ. ಸಾಬರು ಹೀನಾ ಅತ್ತರಿನ ಒಂದು ಶೀಸೆ ಕೊಟ್ಟು, “ಬಹುತ್ ಅಚ್ಛಾ ಐತವ್ವಾ, ಒಂದು ಹನಿ ಸಾಕ್ರಿ” ಎಂದರು.

ನಾನು ಒಂದು ಹನಿಗೆ ನಿಲ್ಲಿಸುವವಳೇ? ಮರುದಿನ ಮಗಳು ಶಾಲೆಯಿಂದ ಬರುವ ಹೊತ್ತಿಗೆ ಕಿವಿಯ ಹಿಂದೆ, ಕೊರಳಿಗೆ, ಸೆರಗಿಗೆ, ತೋಳಿಗೆ ಸವರಿಕೊಂಡು ಬಾಗಿಲಲ್ಲಿ ನಿಂತೆ. ಮಗಳು ಬಂದಳು, ನಿಂತಳು, ಎರಡು ಸಲ ಸೀನಿದಳು.

“ಯಾರ ಮದವಿ ಐತವ್ವಾ?” ಎಂದಳು.

ಮನೆಯವರು ಪಾಳಿ ಮುಗಿಸಿ ಬಂದು, “ಏನಿದು, ದರ್ಗಾಕ್ಕ ಹೋಗಿ ಬಂದಿ ಏನು?” ಎಂದು ಗೇಲಿ ಮಾಡಿದರು. ನಾನು ಹಟ ಬಿಡಲಿಲ್ಲ. ದಿನಾ ಹಚ್ಚಿದೆ. ಮಗಳು ದಿನಾ ಸೀನಿದಳು, ಆಮೇಲೆ ಮೂಲೆಮನೆಗೆ ಹೋದಳು. ಸಂಕ್ರಾಂತಿ ಬರುವ ಹೊತ್ತಿಗೆ ಶೀಸೆಯ ತಳ ಕಾಣುತ್ತಿತ್ತು.

ಆ ಸಂಕ್ರಾಂತಿಯ ಅರಿಷಿಣ-ಕುಂಕುಮ ನಮ್ಮ ಮನೆಯಲ್ಲೇ. ಎರಡು ಜಮಖಾನೆ ಹಾಸಿದ್ದೆ, ಖೋಲಿಯ ತುಂಬ ಹೆಂಗಸರು. ಹಿಂದಿನ ಸಾಲಿನ ಮೆಕ್ಯಾನಿಕ್ಕಿನ ಹೆಂಡತಿಯೂ ಬಂದಿದ್ದರು. ಅವರು ಮುಸ್ಲಿಮರು, ಕುಂಕುಮ ಹಚ್ಚಿಸಿಕೊಳ್ಳುತ್ತಿರಲಿಲ್ಲ, ಆದರೆ ಅತ್ತರು ಕುಸರೆಳ್ಳು ಪ್ರೀತಿಯಿಂದ ತೆಗೆದುಕೊಳ್ಳುತ್ತಿದ್ದರು. ಮೂಲೆಮನೆಯಾಕೆಯನ್ನೂ ಕರೆದಿದ್ದೆ. ಕರೆಯದಿದ್ದರೆ ನನ್ನ ಹೊಟ್ಟೆಯೊಳಗಿನದು ಊರಿಗೆ ಕಾಣುತ್ತಿತ್ತು.

ಅರ್ಧ ಖೋಲಿಗೆ ಹಚ್ಚುವಷ್ಟರಲ್ಲಿ ಅತ್ತರದಾನಿ ಒಣಗಿತು. ಕಡ್ಡಿಯ ಅರಳೆ ಕೆರೆದರೂ ಏನೂ ಬರಲಿಲ್ಲ. ಅತ್ತರು ಸಿಗದ ಹೆಂಗಸರು ಕೈ ಚಾಚಿಕೊಂಡೇ ಕೂತಿದ್ದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಆಗ ನನ್ನ ಮಗಳು, ನನ್ನ ಮಾನ ಉಳಿಸುವ ಹುರುಪಿನಲ್ಲಿ, ಎಲ್ಲರ ಮುಂದೆ ಕೂಗಿದಳು: “ಬಾಯಾರಽ, ನಿಮ್ಮ ಬಾಟ್ಲಿ ತರ್ರೆಲಾ!”

ಆಕೆ ನನ್ನ ಮುಖ ನೋಡಿದರು. ನಾನು ಬೇಡವೆನ್ನುವ ಹಾಗಿರಲಿಲ್ಲ, ಮುಖಕ್ಕೆ ನಗು ಅಂಟಿಸಿಕೊಂಡು ತಲೆ ಆಡಿಸಿದೆ. ಆಕೆ ಹೋಗಿ ಶೀಸೆ ತಂದು ಉಳಿದ ಹೆಂಗಸರ ಕೈಗೆ ಬಿರಡೆಯಿಂದ ಸವರುತ್ತ ಬಂದರು. ನನ್ನ ಮನೆ, ನನ್ನ ಜಮಖಾನೆ, ಅವರ ವಾಸನೆ. ಹೀನಾ ಹಚ್ಚಿಸಿಕೊಂಡವರೂ ಪಕ್ಕದವರ ಕೈ ಎಳೆದು ಮೂಸತೊಡಗಿದರು. “ಅಯ್ಯ, ಎಷ್ಟ್ ತಣ್ಣಗ ಐತಲ್ಲ!” “ನನಗೂ ಒಂಚೂರು ಹಚ್ಚರಿ.” ಖಾಲಿ ಅತ್ತರದಾನಿ ಹಿಡಿದು ಗೋಡೆಗೆ ಒತ್ತಿ ನಿಂತಿದ್ದೆ.

ಮೆಕ್ಯಾನಿಕ್ಕಿನ ಹೆಂಡತಿಯ ಸರದಿ ಬಂದಾಗ ಅವರು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. “ಸಿಟ್ಟಾಗಬ್ಯಾಡ್ರಿ ಬಾಯಿ. ಇದ್ರಾಗ ಸ್ಪಿರಿಟ್ ಇರತೈತೇನ್ರಿ? ನಮಗ ನಮಾಜಿಗೆ ನಡ್ಯಾಂಗಿಲ್ರಿ.”

ಆಕೆ ಇಲ್ಲ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಬೇರೆ ಯಾರೇ ಆದರೂ ಅನ್ನುತ್ತಿದ್ದರು. ಆಕೆ, “ಹೌದು, ಇರುತ್ತದೆ. ನನಗೆ ಹೊಳೆಯಲಿಲ್ಲ, ಕ್ಷಮಿಸಿ” ಎಂದು ಬಿರಡೆ ಹಾಕಿಬಿಟ್ಟರು.

ಸ್ಪಿರಿಟ್ ಎಂದರೆ ನಮಗೆ ಸೆರೆಯೇ, ಹೆಂಡವೇ. ನಮ್ಮಲ್ಲಿ ಬಹಳಷ್ಟು ಜನ ಕೊರಳಲ್ಲಿ ಲಿಂಗ ಕಟ್ಟಿದವರು. ಬೆಳಿಗ್ಗೆ ಅಂಗೈ ಮೇಲೆ ಲಿಂಗ ಇಟ್ಟು ಪೂಜೆ ಮಾಡದೆ ಬಾಯಿಗೆ ನೀರು ಹಾಕದವರು. ಎದುರು ಮನೆಯ ಅಜ್ಜಿ ತಮ್ಮ ಕೈಯನ್ನು ತಾವೇ ಹೆದರಿ ನೋಡಿಕೊಂಡು, “ಅಯ್ಯೋ ಶಿವನೇ, ಸೆರಿ ಐತೇನ ಇದ್ರಾಗ? ಲಿಂಗ ಹಿಡಿಯೂ ಕೈಗೆ ಸೆರಿ ಹಚ್ಚಿದ್ರಲ್ಲ!” ಎಂದರು. ಅಷ್ಟೇ ಸಾಕಾಯಿತು. ಒಬ್ಬರ ಹಿಂದೆ ಒಬ್ಬರು ಎದ್ದು ಹಿತ್ತಲ ನಲ್ಲಿಗೆ ನುಗ್ಗಿದರು. ಹುಣಸೆಹಣ್ಣು ತಾ ಎಂದರು, ಬೂದಿ ತಾ ಎಂದರು. ಪಾತ್ರೆ ತಿಕ್ಕುವ ಹಾಗೆ ಕೈ ತಿಕ್ಕಿದರು. ಮೆಕ್ಯಾನಿಕ್ಕಿನ ಹೆಂಡತಿ ಪಾಪ, “ನಾ ಹಂಗ ಅಂದಿಲ್ರಿ, ನಾ ಹಂಗ ಅಂದಿಲ್ರಿ” ಎನ್ನುತ್ತ ಒಬ್ಬೊಬ್ಬರ ಹಿಂದೆ ಓಡಾಡಿದರು.

ಮೂಲೆಮನೆಯಾಕೆ ಜಮಖಾನೆಯ ನಡುವೆ ಶೀಸೆ ಹಿಡಿದು ನಿಂತಿದ್ದರು. ಬೆನ್ನು ನೆಟ್ಟಗಿತ್ತು, ಮುಖ ಮಾತ್ರ ಬಿಳಿಚಿಕೊಂಡಿತ್ತು. ಕೊನೆಗೂ ಮುಳ್ಳು ನಾಟಿತ್ತು. ನಾನು ನಾಟಿಸಿದ್ದಲ್ಲ, ತಾನಾಗಿ ನಾಟಿತ್ತು. ನನ್ನ ಹೊಟ್ಟೆ ತಣ್ಣಗಾಯಿತು. ಇನ್ನು ಈ ಸಾಲಿನಲ್ಲಿ ಯಾರೂ ಆಕೆಯ ಮೆಟ್ಟಿಲು ಹತ್ತುವುದಿಲ್ಲ, ನನ್ನ ಮಗಳೂ ಹತ್ತಬೇಕಿಲ್ಲ, ಕಾರಣವನ್ನು ಶಿವನೇ ಕೊಟ್ಟ ಎಂದುಕೊಂಡೆ.

ಆಗ ನನ್ನ ಮಗಳು ನನ್ನ ಪಕ್ಕದಿಂದ ಹೊರಟು, ಜಮಖಾನೆ ದಾಟಿ, ಆಕೆಯ ಮುಂದೆ ನಿಂತು ಕೈ ಚಾಚಿದಳು.

“ನನಗ ಹಚ್ಚರಿ” ಎಂದಳು.

ಬಾಗಿಲಲ್ಲಿ ಕೈ ಒರೆಸುತ್ತಿದ್ದವರೆಲ್ಲ ನಿಂತು ನೋಡಿದರು. ಆಕೆ ಮೆಲ್ಲಗೆ, “ಬೇಡ ಮಗೂ, ಅಮ್ಮನ ಹತ್ತಿರ ಹೋಗು” ಎಂದರು. ಮಗಳು ಕೈ ಇಳಿಸಲಿಲ್ಲ. ಅವಳು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಅಷ್ಟು ಜನರ ನಡುವೆ ಅವಳು ತನ್ನವರು ಯಾರೆಂದು ಆರಿಸಿಕೊಂಡು ನಿಂತಿದ್ದಳು, ಅದು ನಾನಾಗಿರಲಿಲ್ಲ.

ನನಗೆ ಆಗ ಏನಾಯಿತೋ ಹೇಳುತ್ತೇನೆ. ಅತ್ತರದಾನಿಯನ್ನು ಕೆಳಗಿಟ್ಟು ಹೋಗಿ ಮಗಳ ಕೈಯ ಪಕ್ಕದಲ್ಲಿ ನನ್ನ ಕೈಯನ್ನೂ ಚಾಚಿದೆ. ಅದೂ ಲಿಂಗ ಹಿಡಿಯುವ ಕೈಯೇ.

“ನನಗೂ ಹಚ್ಚರಿ. ಮೊದಲ ನನಗ ಹಚ್ಚರಿ” ಎಂದೆ.

ಅಜ್ಜಿ “ಏ ಹುಚ್ಚಿ!” ಎಂದದ್ದು ಕೇಳಿಸಿತು. ಆಕೆ ಬಿರಡೆ ತೆಗೆದರು. ತಣ್ಣಗೆ ಒಂದು ಗೆರೆ ಎಳೆದರು. ಆಕೆಯ ಕಣ್ಣಲ್ಲಿ ನೀರಿತ್ತು. ಮುಂದೆ ಎಷ್ಟೋ ವರ್ಷ ನಮ್ಮ ಸಾಲಿನವರು ಇದನ್ನು ನನ್ನ ದೊಡ್ಡ ಮನಸ್ಸಿನ ಮಾತಾಗಿ ಹೇಳಿಕೊಂಡು ತಿರುಗಿದರು. ಆಕೆಯೂ ಹಾಗೇ ತಿಳಿದುಕೊಂಡರು. ದೊಡ್ಡ ಮನಸ್ಸು ಎಲ್ಲಿಯದು? ಅದು ಅಪ್ಪಟ ಹೊಟ್ಟೆಕಿಚ್ಚು. ನನ್ನ ಮಗಳು ಯಾವ ವಾಸನೆಯ ಹಿಂದೆ ಹೋಗುತ್ತಾಳೋ ಅದು ನನ್ನ ಮೈಗೂ ಬೇಕಿತ್ತು. ಅವಳನ್ನು ಒಬ್ಬಳನ್ನೇ ಅದರೊಳಗೆ ಬಿಡಲು ನಾನು ತಯಾರಿರಲಿಲ್ಲ.

ಎಲ್ಲರೂ ಹೋದರು. ಜಮಖಾನೆ ಝಾಡಿಸಿ, ಪಾತ್ರೆ ಬೆಳಗಿ, ಬೇಳೆ ಒಲೆಗೇರಿಸಿದೆ. ದೀಪ ಹಚ್ಚುವ ಹೊತ್ತಾಗಿತ್ತು. ಒಗ್ಗರಣೆಗೆಂದು ಮಸಾಲೆ ಖಾರದ ಡಬ್ಬಿಯ ಮುಚ್ಚಳ ತೆಗೆದೆ. ತೆಗೆದ ಕೈ ಮೂಗಿನ ಹತ್ತಿರ ಬಂತು. ನಾನು ಹಾಗೇ ನಿಂತೆ.

ಡಬ್ಬಿಯಿಂದ ಬಂದ ವಾಸನೆ, ಕೈಯಿಂದ ಬಂದ ವಾಸನೆ, ಎರಡೂ ಅಕ್ಕತಂಗಿಯರಂತಿದ್ದವು. ಕೈ ಮೇಲಿನ ಹೂವೆಲ್ಲ ಹೋಗಿತ್ತು. ಉಳಿದದ್ದು ಕಲ್ಲುಹೂವು. ಮರದ ತೊಗಟೆಗೆ ಅಂಟಿ ಬೆಳೆಯುವ ಬೂದು ಬಣ್ಣದ ಒಣಕಲು ಚಕ್ಕೆ, ಜೋಯಿಡಾದ ಹೆಂಗಸರು ಬುಟ್ಟಿಯಲ್ಲಿ ತಂದು ಸಂತೆಯಲ್ಲಿ ಮಾರುವುದು, ನಾನು ಪ್ರತಿವರ್ಷ ಎಣ್ಣೆಯಲ್ಲಿ ಹುರಿದು ಖಾರದೊಳಗೆ ಕುಟ್ಟುವುದು. ಕುಟ್ಟಿದ ಮೇಲೆ ವಾರಗಟ್ಟಲೆ ನನ್ನ ಸೆರಗು, ಕೂದಲು, ಉಗುರು ಎಲ್ಲ ಅದೇ. ಮರದ ಪಾಚಿ ಎಂದು ಆಕೆ ಅಂದದ್ದು ಇದರ ಒಡಹುಟ್ಟನ್ನೇ.

ಮಗಳು ಹೊಸ್ತಿಲಲ್ಲಿ ಕುಸರೆಳ್ಳು ಚೀಪುತ್ತಿದ್ದಳು. ಕರೆದು ಅವಳ ಮೂಗಿಗೆ ಕೈ ಹಿಡಿದೆ.

“ಇದು ಯಾರ ವಾಸನಿ ಹೇಳು?”

ಅವಳು ಮೂಸಿ ನೋಡಿ, ಇದನ್ನೂ ಕೇಳಬೇಕೇ ಎನ್ನುವಂತೆ, “ನಿಂದಽ” ಎಂದಳು. “ಅವರದೂ ಸಂಜಿ ಆದ್ರ ಹಿಂಗ ಆಕ್ಕೈತಿ. ನಿನ್ನ ಗತೆ.”

ಇಷ್ಟು ದಿನ ಉರಿದದ್ದೆಲ್ಲ ಒಂದು ಗಳಿಗೆಯಲ್ಲಿ ನೀರಾಯಿತು. ಹಾಗಾದರೆ ಅವಳು ಅಲ್ಲಿ ಹೋಗಿ ಮೂಸುತ್ತಿದ್ದದ್ದು ನನ್ನನ್ನೇ. ಗೆದ್ದೆ ಎನಿಸಿತು.

“ಮತ್ತ ಮನ್ಯಾಗ ನಾನಽ ಇರತೇನಲ್ಲ, ಅಲ್ಲ್ಯಾಕ ಹೋಗ್ತಿ?”

ಅವಳು ಕುಸರೆಳ್ಳನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದಳು.

“ನೀ ಕುಂದ್ರೂದಽ ಇಲ್ಲಲ್ಲವ್ವಾ” ಎಂದಳು.

ಒಲೆಯ ಮುಂದೆ, ಬರೀ ನೆಲದ ಮೇಲೆ, ನಾನು ಕೂತೆ. ಅವಳು ಬಂದು ನನ್ನ ತೋಳಿಗೆ ತಲೆ ಆನಿಸಿದಳು. ಬೇಳೆ ಉಕ್ಕಿ ಒಲೆಗೆ ಸುರಿಯತೊಡಗಿತು. ನಾನು ಏಳಲಿಲ್ಲ.